ಅಮೆರಿಕದ ಅತಿ ಚಿಕ್ಕ ಸಂಸ್ಥಾನ: ರೋಡ್ ಐಲಂಡ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿ ನೋಡಿದರೆ, ಈಶಾನ್ಯದ ಮೂಲೆಯಲ್ಲಿ ಒಂದು ಸಂಸ್ಥಾನದ ಹೆಸರನ್ನು ಅದರ ನೆಲದ ಮೇಲೆ ಬರೆಯಲು ಸ್ಥಳ ಸಾಲದೆ, ಪಕ್ಕದ ಸಮುದ್ರದಲ್ಲಿ ಬರೆದು ಒಂದು ಗೆರೆ ಎಳೆದು ತೋರಿಸಿರುತ್ತಾರೆ. ಅದೇ ರೋಡ್ ಐಲಂಡ್. ಐವತ್ತು ಸಂಸ್ಥಾನಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಉದ್ದ 48 ಮೈಲು, ಅಗಲ 37 ಮೈಲು. ಮುಂಬಯಿಯ ನಮ್ಮ ವಾಚಕರು ಚರ್ಚ್‌ಗೇಟಿನಲ್ಲಿ ಗಾಡಿ ಹತ್ತಿ ವಿರಾರದಲ್ಲಿ ಇಳಿಯುವಷ್ಟು ದೂರ ಹೋದರೆ ಈ ಸಂಸ್ಥಾನದ ಅಗಲವೆಲ್ಲ ಮುಗಿದುಹೋಗುತ್ತದೆ. ನೀರಿನ ಭಾಗವನ್ನೂ ಕೂಡಿಸಿ ಅಳೆದರೆ 1,545 ಚದರ ಮೈಲು. ನಮ್ಮ ಕೊಡಗು ಇದಕ್ಕಿಂತ ಒಂದಿಷ್ಟು ದೊಡ್ಡದು. ಇಷ್ಟು ನೆಲದಲ್ಲಿ 2020ರ ಜನಗಣತಿಯಂತೆ 10,97,379 ಜನ.

ಹೆಸರಿನಲ್ಲಿ ‘ಐಲಂಡ್’ ಎಂದಿದ್ದರೂ ಇದು ದ್ವೀಪವಲ್ಲ. ಬಹುಭಾಗ ಮುಖ್ಯಭೂಮಿಗೆ ಅಂಟಿಕೊಂಡಿದೆ. ನ್ಯಾರಗ್ಯಾನ್ಸೆಟ್ ಕೊಲ್ಲಿಯೆಂಬ ಸಮುದ್ರದ ತೋಳು ದಕ್ಷಿಣದಿಂದ ಸುಮಾರು 28 ಮೈಲು ಒಳನುಗ್ಗಿ ಸಂಸ್ಥಾನವನ್ನು ಸೀಳಿದೆ. ಆ ಕೊಲ್ಲಿಯೊಳಗೆ ಮೂವತ್ತಕ್ಕೂ ಹೆಚ್ಚು ದ್ವೀಪಗಳುಂಟು. ಅವುಗಳಲ್ಲಿ ದೊಡ್ಡದಾದ ಅಕ್ವಿಡ್‌ನೆಕ್ಕಿಗೆ ಇಂಗ್ಲಿಷರು ರೋಡ್ ಐಲಂಡ್ ಎಂದು ಕರೆದರು; ಕಾಲಕ್ರಮದಲ್ಲಿ ಅದು ಸಂಸ್ಥಾನಕ್ಕೆಲ್ಲ ಹೆಸರಾಯಿತು. ಬೆಟ್ಟಗುಡ್ಡಗಳ ವಿಷಯದಲ್ಲಿ ಹೇಳತಕ್ಕದ್ದು ಏನೂ ಇಲ್ಲ. ಅತ್ಯಂತ ಎತ್ತರದ ಜೆರಿಮಥ್ ಗುಡ್ಡವೇ 812 ಅಡಿ. ಮೈಸೂರಿನ ಚಾಮುಂಡಿಬೆಟ್ಟ ಅದರ ನಾಲ್ಕು ಪಾಲು ಎತ್ತರ. ದಕ್ಷಿಣದ ತೆರೆದ ಸಮುದ್ರದಲ್ಲಿ ಬ್ಲಾಕ್ ಐಲಂಡ್ ಎಂಬ ಒಂಟಿ ದ್ವೀಪವಿದ್ದು, ಅದರ ಬಳಿ ಕಡಲೊಳಗೇ ಐದು ಗಾಳಿಯಂತ್ರಗಳನ್ನು ನಿಲ್ಲಿಸಿ 2016ರಿಂದ ವಿದ್ಯುತ್ತು ತೆಗೆಯುತ್ತಿದ್ದಾರೆ. ಅಮೆರಿಕದ ಸಮುದ್ರದಲ್ಲಿ ಈ ಬಗೆಯ ವಾಣಿಜ್ಯ ಸ್ಥಾವರ ಇದೇ ಮೊದಲನೆಯದು.

ಇಷ್ಟು ಚಿಕ್ಕ ನಾಡನ್ನು ನಾವು ಈ ಸಂಚಿಕೆಗೆ ಆರಿಸಿಕೊಂಡುದಕ್ಕೆ ಕಾರಣವುಂಟು. ಇದು ಊರು ಬಿಟ್ಟವರು, ಊರಿನಿಂದ ಹೊರಹಾಕಿಸಿಕೊಂಡವರು ಕಟ್ಟಿದ ನಾಡು. ಪರಸ್ಥಳದಲ್ಲಿ ಯಾರಿಗೆ ಎಡೆ ಸಿಕ್ಕಿತು, ಯಾರಿಗೆ ಸಿಕ್ಕಲಿಲ್ಲ, ಯಾರು ಎಡೆ ಕೊಟ್ಟು ತಾವೇ ಕಳೆದುಕೊಂಡರು ಎಂಬುದು ಇಲ್ಲಿಯ ಒಂದೊಂದು ಪಟ್ಟಣದಲ್ಲೂ ಕಣ್ಣಿಗೆ ಬೀಳುತ್ತದೆ.

ಮೊದಲು ರಾಜಧಾನಿಯಾದ ಪ್ರಾವಿಡೆನ್ಸ್. ಇದನ್ನು 1636ರಲ್ಲಿ ಸ್ಥಾಪಿಸಿದವನು ರಾಜರ್ ವಿಲಿಯಮ್ಸ್ ಎಂಬ ಪಾದ್ರಿ. ಜನರ ಧರ್ಮಶ್ರದ್ಧೆಯ ಮೇಲೆ ಸರಕಾರಕ್ಕೆ ಅಧಿಕಾರವಿಲ್ಲ, ಮೂಲನಿವಾಸಿಗಳಿಗೆ ಬೆಲೆ ಕೊಡದೆ ಅವರ ನೆಲವನ್ನು ದಾನಮಾಡಲು ಇಂಗ್ಲೆಂಡಿನ ಅರಸನಿಗೂ ಹಕ್ಕಿಲ್ಲ ಎಂದು ವಾದಿಸಿದ್ದಕ್ಕೆ ನೆರೆಯ ಮ್ಯಾಸಚೂಸೆಟ್ಸಿನವರು ಅವನಿಗೆ 1635ರಲ್ಲಿ ಗಡೀಪಾರಿನ ಶಿಕ್ಷೆ ವಿಧಿಸಿದರು. ಕೊರೆಯುವ ಹಿಮದಲ್ಲಿ ಕಾಡು ಹಿಡಿದು ಹೊರಟವನಿಗೆ ಆಶ್ರಯ ಕೊಟ್ಟವರು ಮೂಲನಿವಾಸಿಗಳೇ. ನ್ಯಾರಗ್ಯಾನ್ಸೆಟ್ ಜನರ ಮುಖಂಡರಾದ ಕೆನಾನಿಕಸ್ ಮತ್ತು ಮಿಯಾಂಟನೋಮಿ ಅವನಿಗೆ ನೆಲ ಕೊಟ್ಟರು. ದೈವಕೃಪೆಯೆಂಬ ಅರ್ಥದ ಹೆಸರನ್ನು ಅವನು ತನ್ನ ಊರಿಗಿಟ್ಟ. ಯಾವ ಮತದವನಾದರೂ ಇಲ್ಲಿ ಬಂದು ಇರಬಹುದೆಂಬುದು ಅಲ್ಲಿಯ ಕಟ್ಟಳೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಅರಸನ 1663ರ ಸನದಿನಲ್ಲಿಯೂ ಈ ಸ್ವಾತಂತ್ರ್ಯ ಸೇರಿತು.

ವಿಲಿಯಮ್ಸ್ ಮಾಡಿದ ಇನ್ನೊಂದು ಕೆಲಸ ನಮ್ಮಂಥ ಭಾಷಾಸಂಘದವರ ಗಮನಕ್ಕೆ ಬರತಕ್ಕದ್ದು. ತನಗೆ ಆಶ್ರಯ ಕೊಟ್ಟವರ ನುಡಿಯನ್ನು ಕಲಿತು, ಅದರ ಮೇಲೊಂದು ಪುಸ್ತಕ ಬರೆದು, 1643ರಲ್ಲಿ ಲಂಡನಿನಲ್ಲಿ ಅಚ್ಚು ಮಾಡಿಸಿದ. ಅದು ಬರಿಯ ಶಬ್ದಪಟ್ಟಿಯಲ್ಲ. ಎದುರಾದವರನ್ನು ಹೇಗೆ ಮಾತಾಡಿಸಬೇಕು ಎಂಬಲ್ಲಿಂದ ಆರಂಭಿಸಿ ಊಟ, ನಿದ್ರೆ, ವ್ಯಾಪಾರ ಎಂದು ಬದುಕಿನ ಒಂದೊಂದು ಪ್ರಸಂಗಕ್ಕೂ ಬೇಕಾದ ಮಾತುಗಳನ್ನು ಹೊಂದಿಸಿಕೊಟ್ಟಿದ್ದಾನೆ. ಬಂದವನು ಇದ್ದವರ ಮಾತು ಕಲಿಯಬೇಕೆಂಬ ಮರ್ಯಾದೆ ಆ ಕಾಲದ ವಲಸೆಗಾರರಲ್ಲಿ ಅಪರೂಪ.

ಆದರೆ ನೆಲ ಕೊಟ್ಟವರ ಗತಿಯೇನಾಯಿತು? 1675ರಲ್ಲಿ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ಯುದ್ಧ ಹತ್ತಿತು. ಆ ವರ್ಷದ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್, ಪ್ಲಿಮತ್, ಕನೆಕ್ಟಿಕಟ್‌ಗಳ ದಂಡು ಸಂಸ್ಥಾನದ ದಕ್ಷಿಣ ಭಾಗದ ಜೌಗಿನ ನಡುವೆ ಇದ್ದ ನ್ಯಾರಗ್ಯಾನ್ಸೆಟ್ ಕೋಟೆಯ ಮೇಲೆ ಬಿದ್ದು ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ಮುದುಕರು, ಹೆಂಗಸರು, ಮಕ್ಕಳು ಸೇರಿ ನೂರಾರು ಮಂದಿ ಸತ್ತರು. ಮರುವರ್ಷ ಮಾರ್ಚಿಯಲ್ಲಿ ಮೂಲನಿವಾಸಿಗಳು ಪ್ರಾವಿಡೆನ್ಸನ್ನು ಸುಟ್ಟರು. ವಿಲಿಯಮ್ಸನ ಮನೆಯೂ ಉರಿಯಿತು. ಜೌಗಿನ ಹತ್ಯಾಕಾಂಡದ ನೆನಪಿಗೆ 1906ರಲ್ಲಿ ನಿಲ್ಲಿಸಿದ ಒಂದು ಕಲ್ಲುಕಂಬ ಕಾಡಿನ ನಡುವೆ ಇಂದಿಗೂ ಇದೆ. 1880ರಲ್ಲಿ ಸಂಸ್ಥಾನದ ಸರಕಾರ ಈ ಕುಲವೇ ಇನ್ನಿಲ್ಲವೆಂದು ಕಾಗದದ ಮೇಲೆ ಬರೆದು ಅವರ ಜಮೀನು ತೆಗೆದುಕೊಂಡಿತು. ಜನ ಮಾತ್ರ ಅಲ್ಲಿಯೇ ಇದ್ದರು. ಕೋರ್ಟಿಗೆ ಹೋಗಿ, 1978ರ ರಾಜಿಯಂತೆ ಚಾರ್ಲ್ಸ್‌ಟೌನಿನಲ್ಲಿ 1,800 ಎಕರೆ ಮರಳಿ ಪಡೆದರು. 1983ರಲ್ಲಿ ಕೇಂದ್ರ ಸರಕಾರ ಅವರನ್ನು ಮಾನ್ಯಮಾಡಿತು.

ಕೊಲ್ಲಿಯ ಬಾಯಿಯಲ್ಲಿ, ಅಕ್ವಿಡ್‌ನೆಕ್ ದ್ವೀಪದ ತುದಿಗೆ, ನ್ಯೂಪೋರ್ಟ್ ಪಟ್ಟಣವಿದೆ. ಪ್ರವಾಸಿಗರು ಮುತ್ತುವುದು ಇಲ್ಲಿಗೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಕುಬೇರರು ಬೇಸಗೆಯ ಕೆಲವು ವಾರಗಳನ್ನು ಕಳೆಯುವುದಕ್ಕೆ ಕಟ್ಟಿಸಿದ ಅರಮನೆಗಳು ಇಲ್ಲಿ ಸಾಲಾಗಿ ನಿಂತಿವೆ. ರೈಲ್ವೆ ಧನಿಕ ವ್ಯಾಂಡರ್‌ಬಿಲ್ಟನ ‘ಬ್ರೇಕರ್ಸ್’ ಎಂಬುದರಲ್ಲಿ ಎಪ್ಪತ್ತು ಕೋಣೆಗಳು. ಇದನ್ನೆಲ್ಲ ವರ್ಣಿಸುವವರು ಬೇಕಾದಷ್ಟು ಇದ್ದಾರೆ. ಒಂದು ಖೋಲಿಯಲ್ಲಿ ಎಂಟು ಮಂದಿ ಹಾಸಿಗೆ ಬಿಡಿಸಿ ಮಲಗಿದ ನಮ್ಮ ಸದಸ್ಯರಿಗೆ ಅದು ಹೇಗೂ ಅರ್ಥವಾಗುವಂಥದಲ್ಲ. ಅವಕ್ಕಿಂತ ಹಳೆಯ ಎರಡು ಕಟ್ಟಡಗಳನ್ನು ನಾವು ಮೊದಲು ಹೇಳುತ್ತೇವೆ.

ಒಂದು, 1763ರಲ್ಲಿ ಪ್ರಾರಂಭವಾದ ಟೂರೋ ಸಿನಗಾಗ್, ಅಂದರೆ ಯಹೂದ್ಯರ ಪ್ರಾರ್ಥನಾಮಂದಿರ. ಅಮೆರಿಕದಲ್ಲಿ ಉಳಿದಿರುವ ಸಿನಗಾಗ್ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ವಿಲಿಯಮ್ಸನ ಕಟ್ಟಳೆಯ ನೆರಳಿನಲ್ಲಿಯೇ ಆ ಜನ ಇಲ್ಲಿ ನೆಲೆಯೂರಿದರು. ಇನ್ನೊಂದು, ರೆಡ್‌ವುಡ್ ಪುಸ್ತಕಾಲಯ. 1747ರಲ್ಲಿ ಸ್ಥಾಪನೆಯಾಗಿ, 1750ರಲ್ಲಿ ತೆರೆದ ಆ ಮೂಲ ಕಟ್ಟಡದಲ್ಲೇ ಇಂದಿಗೂ ಪುಸ್ತಕ ಎರವಲು ಕೊಡುತ್ತಿದೆ. ವಾಚನಾಲಯದ ಬಾಡಿಗೆಗೆ ತಿಂಗಳು ತಿಂಗಳು ವರ್ಗಣಿ ಎತ್ತುವ ನಮಗೆ ಇದನ್ನು ಓದಿ ಸ್ವಲ್ಪ ಅಸೂಯೆಯೇ ಆಗುತ್ತದೆ. ಆದರೆ ಪುಸ್ತಕ ಕೊಳ್ಳಲು 500 ಪೌಂಡು ಕೊಟ್ಟ ಏಬ್ರಹಾಂ ರೆಡ್‌ವುಡ್ಡನ ಹಣ ಎಲ್ಲಿಯದೆಂದರೆ, ಆಂಟಿಗಾ ದ್ವೀಪದಲ್ಲಿದ್ದ ಅವನ ಕಬ್ಬಿನ ತೋಟದ್ದು. ಅಲ್ಲಿ ದುಡಿದವರು ಆಫ್ರಿಕದಿಂದ ಹಿಡಿದುತಂದ ಗುಲಾಮರು.

ನ್ಯೂಪೋರ್ಟಿನ ಹಳೆಯ ಐಶ್ವರ್ಯದ ಮೂಲವೇ ಇದು. ವೆಸ್ಟ್ ಇಂಡೀಸಿನಿಂದ ಕಾಕಂಬಿ ತರುವುದು, ಇಲ್ಲಿಯ ಭಟ್ಟಿಗಳಲ್ಲಿ ರಮ್ ಇಳಿಸುವುದು, ಆ ರಮ್ಮನ್ನು ಆಫ್ರಿಕಕ್ಕೆ ಒಯ್ದು ಮನುಷ್ಯರನ್ನು ಕೊಳ್ಳುವುದು, ಅವರನ್ನು ವೆಸ್ಟ್ ಇಂಡೀಸಿನಲ್ಲಿ ಮಾರಿ ಮತ್ತೆ ಕಾಕಂಬಿ ತುಂಬುವುದು. ಈ ಚಿಕ್ಕ ನಾಡಿನ ವರ್ತಕರು ಹೂಡಿದ ಇಂಥ ಯಾತ್ರೆಗಳು ಸುಮಾರು ಒಂದು ಸಾವಿರ. ಹೊತ್ತುತಂದ ಜನ ಒಂದು ಲಕ್ಷಕ್ಕೂ ಹೆಚ್ಚು. ಮನಸ್ಸಾಕ್ಷಿಗೆ ಸ್ವಾತಂತ್ರ್ಯ ಕೊಟ್ಟ ಊರೇ ಮೈಗೆ ಬೇಡಿ ಹಾಕುವ ವ್ಯಾಪಾರದಲ್ಲಿ ಅಮೆರಿಕದಲ್ಲೆಲ್ಲ ಮುಂದಿತ್ತು. ಪ್ರಾವಿಡೆನ್ಸಿನ ಬ್ರೌನ್ ವಿಶ್ವವಿದ್ಯಾನಿಲಯ ತನ್ನ ಹಣದಲ್ಲಿ ಈ ಪಾಪದ ಪಾಲೆಷ್ಟೆಂದು ತಾನೇ ಶೋಧಿಸಿ 2006ರಲ್ಲಿ ವರದಿ ಹೊರಡಿಸಿತು. ಸಂಸ್ಥಾನದ ಪೂರ್ಣ ಹೆಸರಿನಲ್ಲಿ ‘ಪ್ರಾವಿಡೆನ್ಸ್ ಪ್ಲಾಂಟೇಷನ್ಸ್’ ಎಂಬ ಬಾಲವೂ ಇತ್ತು. ಹಿಂದೆ ಆ ಶಬ್ದಕ್ಕೆ ಹೊಸ ನೆಲಸು ಎಂದಷ್ಟೇ ಅರ್ಥ. ಆದರೆ ಕರಿಯ ಜನರ ಕಿವಿಗೆ ಅದು ಗುಲಾಮರ ತೋಟವೆಂದೇ ಕೇಳಿಸುತ್ತಿತ್ತು. ತೆಗೆಯೋಣವೇ ಎಂದು 2010ರಲ್ಲಿ ಮತಕ್ಕೆ ಹಾಕಿದಾಗ ಜನ ಬೇಡವೆಂದರು. 2020ರ ನವೆಂಬರಿನಲ್ಲಿ ಮತ್ತೆ ಕೇಳಿದಾಗ ಸ್ವಲ್ಪ ಬಹುಮತದಿಂದ ಒಪ್ಪಿದರು.

ಮತ್ತೆ ಪ್ರಾವಿಡೆನ್ಸಿಗೆ ಬಂದರೆ, ಗುಡ್ಡದ ಮೇಲೆ 1904ರಲ್ಲಿ ಮುಗಿದ ಶಾಸನಭವನವಿದೆ. ಅದರ ಅಮೃತಶಿಲೆಯ ಗುಮ್ಮಟ ಜಗತ್ತಿನ ದೊಡ್ಡ ಗುಮ್ಮಟಗಳ ಸಾಲಿಗೆ ಸೇರಿದ್ದು. ಕೆಳಗೆ ಪೇಟೆಯ ನಡುವೆ ಎರಡು ಹೊಳೆಗಳು ಕೂಡುತ್ತವೆ. ಅವನ್ನು ರಸ್ತೆಗಳ ಕೆಳಗೆ ಹುಗಿದುಬಿಟ್ಟಿದ್ದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆ ಮುಚ್ಚಿಗೆಯನ್ನು ಕಿತ್ತು ನೀರನ್ನು ಮತ್ತೆ ಬೆಳಕಿಗೆ ತಂದರು. ನೀರಿನ ಭಯವೂ ಈ ಊರಿಗೆ ಚೆನ್ನಾಗಿ ಗೊತ್ತು. 1938ರ ಸೆಪ್ಟೆಂಬರ್ 21ರ ಚಂಡಮಾರುತದಲ್ಲಿ ಕೊಲ್ಲಿಯ ನೀರು ಉಕ್ಕಿ ಪೇಟೆಯೆಲ್ಲ ಮುಳುಗಿತು. ಆಮೇಲೆ ಫಾಕ್ಸ್ ಪಾಯಿಂಟಿನಲ್ಲಿ ದೊಡ್ಡ ಬಾಗಿಲುಗಳ ತಡೆಗೋಡೆ ಕಟ್ಟಿದರು. ಅದು 1966ರಲ್ಲಿ ಮುಗಿಯಿತು.

ಇನ್ನು ಗಿರಣಿಗಳ ಸೀಮೆ. ಉತ್ತರದಿಂದ ಬ್ಲ್ಯಾಕ್‌ಸ್ಟೋನ್ ಎಂಬ ಸಣ್ಣ ಹೊಳೆ 46 ಮೈಲು ಹರಿಯುವಷ್ಟರಲ್ಲಿ ನಾನೂರು ಅಡಿಗೂ ಹೆಚ್ಚು ಕೆಳಗಿಳಿಯುತ್ತದೆ. ಹೀಗೆ ಇಳಿಯುವ ನೀರೇ ಗಿರಣಿಗೆ ಬೇಕಾದದ್ದು. ಹತ್ತಿ ನೂಲುವ ಯಂತ್ರದ ಗುಟ್ಟು ಹೊರಗೆ ಹೋಗದಂತೆ ಇಂಗ್ಲೆಂಡು ಕುಶಲ ಕೆಲಸಗಾರರು ದೇಶ ಬಿಡುವುದನ್ನೇ ನಿಷೇಧಿಸಿತ್ತು. ಡರ್ಬಿಶೈರಿನ ಗಿರಣಿಯಲ್ಲಿ ಕೆಲಸ ಕಲಿತ ಇಪ್ಪತ್ತೊಂದು ವರ್ಷದ ಸ್ಯಾಮ್ಯುಯೆಲ್ ಸ್ಲೇಟರ್ 1789ರಲ್ಲಿ ತನ್ನ ಕಸಬನ್ನು ಮುಚ್ಚಿಟ್ಟು ಹಡಗು ಹತ್ತಿದ. ಕಾಗದವೊಂದೂ ಜೊತೆಗಿರಲಿಲ್ಲ, ಯಂತ್ರವೆಲ್ಲ ತಲೆಯಲ್ಲಿತ್ತು. ಪಾಟಕೆಟ್ ಊರಿನಲ್ಲಿ ಮೋಸೆಸ್ ಬ್ರೌನ್ ಎಂಬ ವರ್ತಕನ ಹಣದಿಂದ 1790ರಲ್ಲಿ ನೀರಿನ ಬಲದಿಂದ ಕದಿರುಗಳನ್ನು ತಿರುಗಿಸಿದ. 1793ರಲ್ಲಿ ಕಟ್ಟಿದ ಮರದ ಗಿರಣಿ ಇಂದಿಗೂ ಹೊಳೆಯ ದಂಡೆಯಲ್ಲಿ ನಿಂತಿದೆ. ಮೊದಲ ಕೆಲಸಗಾರರು ಏಳರಿಂದ ಹನ್ನೆರಡು ವರ್ಷದ ಮಕ್ಕಳು. ಮೋಸೆಸ್ ಬ್ರೌನ್ ತನ್ನ ಗುಲಾಮರನ್ನು ಬಿಡುಗಡೆಮಾಡಿ ಆ ವ್ಯಾಪಾರವನ್ನು ವಿರೋಧಿಸಿದವನು. ಆದರೂ ಮುಂದೆ ಈ ಗಿರಣಿಗಳು ನೂತದ್ದು ದಕ್ಷಿಣದ ಗುಲಾಮರು ಬಿಡಿಸಿದ ಹತ್ತಿಯನ್ನೇ.

ಇದೇ ಪಾಟಕೆಟ್ಟಿನಲ್ಲಿ 1824ರಲ್ಲಿ ಮಾಲಿಕರು ಕೆಲಸದ ಹೊತ್ತನ್ನು ಒಂದು ತಾಸು ಹೆಚ್ಚಿಸಿ, ನೇಯುವವರ ಪಗಾರವನ್ನು ನಾಲ್ಕನೆಯ ಒಂದು ಪಾಲು ಕಡಿತಮಾಡಲು ಹೊರಟರು. ಸುಮಾರು ನೂರು ಮಂದಿ ನೇಯುವ ಹೆಂಗಸರು ಮಗ್ಗ ಬಿಟ್ಟು ಎದ್ದರು. ಊರೂ ಅವರ ಬೆನ್ನಿಗೆ ನಿಂತಿತು. ಒಂದು ವಾರದ ಮೇಲೆ ರಾಜಿಯಾಯಿತು. ಅಮೆರಿಕದ ಕಾರ್ಖಾನೆಗಳಲ್ಲಿ ನಡೆದ ಮೊದಲ ಸಂಪು ಇದೆಂದು ಹೇಳುತ್ತಾರೆ. ಕಾರ್ಮಿಕರಿಗೆ ಮತ ಸಿಕ್ಕಿದ್ದು ಇನ್ನೂ ತಡವಾಗಿ. 1663ರ ಸನದೇ 1843ರವರೆಗೆ ರಾಜ್ಯಾಂಗವಾಗಿದ್ದು, ಜಮೀನಿಲ್ಲದವನಿಗೆ ಮತವಿರಲಿಲ್ಲ. ಹೊರದೇಶದಿಂದ ಬಂದು ಪೌರನಾದವನಿಗಂತೂ ಈ ಅಡ್ಡಿ 1888ರವರೆಗೂ ಉಳಿಯಿತು. ಬೇರೆ ಊರಿನಲ್ಲಿ ರೇಷನ್ ಕಾರ್ಡು ಮಾಡಿಸಿಕೊಳ್ಳಲು ಓಡಾಡಿದವರಿಗೆ ಈ ಮಾತಿನ ಭಾರ ಗೊತ್ತು.

ಪಾಟಕೆಟ್ಟಿನ ಮಗ್ಗುಲಲ್ಲೇ ಸೆಂಟ್ರಲ್ ಫಾಲ್ಸ್. ಒಂದು ಚದರ ಮೈಲಿಗೆ ತುಸು ಮೀರಿದ ನೆಲದಲ್ಲಿ 22,583 ಜನ, ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ನಾಡುಗಳಿಂದ ಬಂದವರು. ಗಿರಣಿಗಳು ಹೋದ ಮೇಲೆ ಬೊಕ್ಕಸ ಬರಿದಾಗಿ 2011ರಲ್ಲಿ ಈ ನಗರ ದಿವಾಳಿಯೆತ್ತಿತು. ನಿವೃತ್ತ ಪೊಲೀಸರ, ಬೆಂಕಿ ಆರಿಸುವ ದಳದವರ ಪಿಂಚಣಿಯಲ್ಲಿ ಅರ್ಧಕ್ಕೂ ಹೆಚ್ಚು ಕಡಿತವಾದದ್ದುಂಟು. ಸರಕಾರಿ ನೌಕರಿಯ ಪಿಂಚಣಿ ಕಲ್ಲಿನ ಮೇಲಿನ ಬರಹವೆಂದು ನಂಬಿದ ಕಾರಕೂನ ಮಿತ್ರರು ಇದನ್ನೊಮ್ಮೆ ಓದಿಕೊಳ್ಳಲಿ.

ಹೊಳೆಯ ಮೇಲ್ಭಾಗದಲ್ಲಿ ವೂನ್‌ಸಾಕೆಟ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ಫ್ರೆಂಚ್ ರೈತರು ಸಂಸಾರಸಮೇತ ರೈಲು ಹತ್ತಿ ಇಲ್ಲಿಯ ಗಿರಣಿಗಳಿಗೆ ಬಂದು, ಊರಿನ ಬಹುಪಾಲು ಅವರೇ ಆದರು. ಅವರ ಇಗರ್ಜಿ, ಶಾಲೆ, ಪತ್ರಿಕೆ ಎಲ್ಲವೂ ಫ್ರೆಂಚಿನಲ್ಲಿ. 1922ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಕಾಯಿದೆ ಬಂತು. ಅದರ ಬೆನ್ನಿಗೆ ಅವರ ಸ್ವಂತ ಮತದ ಬಿಷಪ್ಪನೇ ಇಗರ್ಜಿಗಳಿಂದ ಹಣ ಎತ್ತಿ ಇಂಗ್ಲಿಷ್ ಪ್ರೌಢಶಾಲೆಗಳಿಗೆ ಹಾಕಹೊರಟ. ನಮ್ಮ ಬೆವರಿನ ಕಾಸಿನಿಂದ ನಮ್ಮ ಮಕ್ಕಳ ನುಡಿಯನ್ನು ಕೊಲ್ಲುವುದೇ ಎಂದು ಒಂದು ಗುಂಪು ಸಿಡಿದೆದ್ದಿತು. ಎಲ್ಫೇಜ್ ದೇನ್ಯೋ ಎಂಬ ವಕೀಲ ಮುಂದಾಳು. ‘ಸಾಂತಿನೆಲ್’, ಅಂದರೆ ಕಾವಲುಗಾರ, ಎಂದು 1924ರಲ್ಲಿ ಪತ್ರಿಕೆ ತೆಗೆದರು, ಕೋರ್ಟಿಗೂ ಹೋದರು. 1928ರಲ್ಲಿ ರೋಮಿನಿಂದ ಅವರಿಗೆಲ್ಲ ಬಹಿಷ್ಕಾರ ಬಂತು. ದೈವಭಕ್ತರಾದ ಆ ಜನ ಅದನ್ನು ತಡೆಯಲಾರದೆ ಮರುವರ್ಷ ತಪ್ಪೊಪ್ಪಿಗೆಗೆ ರುಜು ಹಾಕಿದರು. ಮುಂದೆ ಮಕ್ಕಳು ಇಂಗ್ಲಿಷಿಗೆ ತಿರುಗಿದರು. ಫ್ರೆಂಚು ಮುದುಕರ ಬಾಯಲ್ಲಿ ಉಳಿಯಿತು. ಗಿರಣಿಗಳೂ ಅಗ್ಗದ ಕೂಲಿ ಹುಡುಕಿಕೊಂಡು ದಕ್ಷಿಣಕ್ಕೆ ಹೋದವು. ಗಿರಣಿ ನಿಂತ ಮೇಲೆ ಚಿಮಣಿ ಹೇಗೆ ಉಳಿಯುತ್ತದೆಂದು ಲಾಲ್‌ಬಾಗ್ ಪರೇಲಿನ ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ.

ವೂನ್‌ಸಾಕೆಟ್ಟಿಗೆ ಹೋದವರು ಸೇಂಟ್ ಆ್ಯನ್ ಇಗರ್ಜಿಯನ್ನು ನೋಡದೆ ಬರಬಾರದು. ಈಗ ಅಲ್ಲಿ ಪೂಜೆಯಿಲ್ಲ, ಕಲಾಕೇಂದ್ರವಾಗಿದೆ. 1940ರ ದಶಕದಲ್ಲಿ ಗಿಡೋ ನಿನ್ಚೇರಿ ಎಂಬ ಇಟಲಿಯ ಚಿತ್ರಕಾರ ಅದರ ಗೋಡೆ, ಮಾಳಿಗೆಗಳನ್ನೆಲ್ಲ ಬೈಬಲ್ಲಿನ ಕಥೆಗಳ ಚಿತ್ರದಿಂದ ತುಂಬಿದ. ಸಂತರಿಗೂ ದೇವದೂತರಿಗೂ ಅವನು ಮುಖ ಹುಡುಕಿದ್ದು ಆ ಇಗರ್ಜಿಗೆ ಬರುತ್ತಿದ್ದ ಊರ ಜನರಲ್ಲಿ. ಗಿರಣಿಯ ಜನರ ಮುಖಗಳು ಈಗಲೂ ಆ ಮಾಳಿಗೆಯಿಂದ ಕೆಳಗೆ ನೋಡುತ್ತವೆ.