ಗಣಿ ಊರುಗಳಲ್ಲಿ ಗುಂಡು ಹಾರಿದ್ದು ಯಾಕೆ?



ಬಂಡ್ರಿಯ ಕಡೆ ಸ್ವಸಹಾಯ ಸಂಘಗಳ ಸಭೆಗೆ ಹೋದಾಗಲೆಲ್ಲಾ ನಮಗೆ ಎರಡು ಮಾತುಗಳು ಕೇಳಿಬರುತ್ತವೆ. ಒಂದು, "ಯೂನಿಯನ್ ಅಂದ್ರ ಹೊಡೆದಾಟ ಬಡಿದಾಟ. ನಮಗ್ಯಾಕ ಬೇಕ್ರೀ ಅದು?" ಎನ್ನುವುದು. ಇನ್ನೊಂದು ಮಾತನ್ನು ಹೆಚ್ಚಾಗಿ ವಯಸ್ಸಾದ ಅಕ್ಕಂದಿರು ಹೇಳುತ್ತಾರೆ. "ಮೈನ್ಸ್‌ನ್ಯಾಗ ವರ್ಷಗಟ್ಟಲೆ ಅದಿರು ಒಡದೀವ್ರೀ. ತೋರಸಾಕ ಒಂದು ಚೀಟಿ ಇಲ್ಲ."

ಈ ಎರಡು ಮಾತುಗಳಿಗೆ ಹತ್ತಿರದ ಸಂಬಂಧವಿದೆ. ಗಣಿ ಊರುಗಳಲ್ಲಿ ಹಿಂದೆ ರಕ್ತ ಹರಿದದ್ದು ನಿಜ. ಆದರೆ ಅದು ಸಂಘ ಕಟ್ಟಿದ್ದರಿಂದ ಹರಿಯಿತೋ, ಅಥವಾ ಕೂಲಿಕಾರರ ಮಾತು ಕೇಳುವವರೇ ಇಲ್ಲದ್ದರಿಂದ ಹರಿಯಿತೋ? ನಡೆದದ್ದನ್ನು ತಿಳಿದುಕೊಂಡರೆ ಉತ್ತರ ಸಿಗುತ್ತದೆ.

ಗಣಿ ಊರು ಬೇರೆ ಊರಿನಂತಲ್ಲ

ಹೊಲದ ಕೂಲಿಯವರಿಗೆ ಒಬ್ಬ ಗೌಡರ ಹೊಲದಲ್ಲಿ ಸರಿಬಾರದಿದ್ದರೆ ಇನ್ನೊಬ್ಬರ ಹೊಲಕ್ಕೆ ಹೋಗಲು ಆಗುತ್ತದೆ. ಹಳೆಯ ಗಣಿ ಊರುಗಳಲ್ಲಿ ಹಾಗಿರಲಿಲ್ಲ. ಕೆಲಸ ಕಂಪನಿಯದು, ಮನೆ ಕಂಪನಿಯದು, ರೇಷನ್ ತರುವ ಅಂಗಡಿಯೂ ಕಂಪನಿಯದು. ಡಾಕ್ಟರರು ಕಂಪನಿಯವರು, ಕಾವಲುಗಾರರು ಕಂಪನಿಯವರು, ಅದಿರು ತೂಗುವ ತಕ್ಕಡಿ ಹಿಡಿದವರೂ ಕಂಪನಿಯವರೇ. ಕೆಲಸ ಬಿಟ್ಟ ದಿನ ಮನೆಯೂ ಹೋಗುತ್ತಿತ್ತು. ಹೀಗೆ ಎಲ್ಲವೂ ಒಂದೇ ಕೈಯಲ್ಲಿದ್ದಾಗ ಸಣ್ಣ ತಕರಾರು ಕೂಡ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಇದಕ್ಕೆ ಜಗತ್ತಿಗೆಲ್ಲಾ ಗೊತ್ತಿರುವ ಉದಾಹರಣೆ ಅಮೆರಿಕ ದೇಶದ ಕೊಲೊರಾಡೊ ರಾಜ್ಯದ ಲಡ್ಲೋ. ಅಲ್ಲಿನ ಕಲ್ಲಿದ್ದಲು ಕಾರ್ಮಿಕರು 1913ರ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿದರು. ಅವರ ಬೇಡಿಕೆಗಳನ್ನು ನೋಡಿ: ನಾವು ಅಗೆದ ಕಲ್ಲಿದ್ದಲಿನ ತೂಕ ನೋಡಲು ನಮ್ಮವರೊಬ್ಬರು ಇರಲಿ, ಬೇಕಾದ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಬಿಡಿ, ಬೇಕಾದ ಡಾಕ್ಟರರ ಹತ್ತಿರ ಹೋಗಲು ಬಿಡಿ, ನಮ್ಮ ಸಂಘವನ್ನು ಒಪ್ಪಿಕೊಳ್ಳಿ. ದಿನಕ್ಕೆ 8 ಗಂಟೆ ಕೆಲಸದ ಕಾನೂನು ಆಗಲೇ ಅಲ್ಲಿತ್ತು. ಅದನ್ನು ಪಾಲಿಸಿ ಎಂದೂ ಕೇಳಿದರು.

ಕಂಪನಿಯವರು ಅವರನ್ನು ಮನೆಗಳಿಂದ ಹೊರಗೆ ಹಾಕಿದರು. ಕಾರ್ಮಿಕರು ಹೆಂಡತಿ ಮಕ್ಕಳ ಸಮೇತ ಬಯಲಲ್ಲಿ ಡೇರೆ ಹಾಕಿಕೊಂಡು ಚಳಿಗಾಲ ಕಳೆದರು. 1914ರ ಏಪ್ರಿಲ್ 20ರಂದು ರಾಜ್ಯದ ಸೈನಿಕರು ಮತ್ತು ಕಂಪನಿಯ ಕಾವಲುಗಾರರು ಆ ಡೇರೆಗಳ ಮೇಲೆ ಗುಂಡು ಹಾರಿಸಿದರು. ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿಗೆ ಹೆದರಿ ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು ಮತ್ತು 11 ಮಕ್ಕಳು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು.

ಮುಂದೆ ನಡೆದದ್ದನ್ನೂ ಮುಚ್ಚಿಡಬಾರದು. ಸಿಟ್ಟಿಗೆದ್ದ ಕಾರ್ಮಿಕರು ಸುಮಾರು 10 ದಿನ ಬಂದೂಕು ಹಿಡಿದು ಗಣಿಗಳ ಮೇಲೆ ಬಿದ್ದರು. ಎರಡೂ ಕಡೆ ಇನ್ನಷ್ಟು ಹೆಣಗಳು ಬಿದ್ದವು. ಕೊನೆಗೆ ಕೇಂದ್ರದ ಸೈನ್ಯ ಬರಬೇಕಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮುಷ್ಕರ ಮುಗಿದಾಗ ಸಂಘಕ್ಕೆ ಮಾನ್ಯತೆ ಸಿಕ್ಕಿರಲಿಲ್ಲ. ಸಂಘ ಕಟ್ಟುವ, ಮಾಲೀಕರ ಜೊತೆ ಕುಳಿತು ಮಾತಾಡುವ ಹಕ್ಕಿಗೆ ಆ ದೇಶದಲ್ಲಿ ಗಟ್ಟಿಯಾದ ಕಾನೂನು ಬಂದದ್ದು 1935ರಲ್ಲಿ. ಮೊದಲೇ ಕುಳಿತು ಮಾತಾಡಿದ್ದರೆ ಆ ಮಕ್ಕಳು ಉಳಿಯುತ್ತಿದ್ದರೇನೋ!

ನಮ್ಮ ರಾಜ್ಯದಲ್ಲೇ ನಡೆದದ್ದು

ಇದೆಲ್ಲಾ ದೂರದ ಕಥೆ ಎಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಆದರೆ ಕೋಲಾರದಲ್ಲಿ ಚಿನ್ನದ ಗಣಿ ಇತ್ತು. 1880ರಿಂದ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪನಿ ಅದನ್ನು ನಡೆಸಿತು. ನೆಲದಡಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದು ದುಡಿದವರಲ್ಲಿ ಬಹಳ ಮಂದಿ ತಮಿಳು ಮಾತಾಡುವ ದಲಿತ ಕುಟುಂಬದವರು. ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಅವರ ಸಂಸಾರ. ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಎದೆ ರೋಗದಿಂದ ಸತ್ತವರು ಬಹಳ ಜನ.

1930ರಲ್ಲಿ ಕಂಪನಿ ಹೊಸ ನಿಯಮ ತಂದಿತು. ಪ್ರತಿಯೊಬ್ಬ ಕೂಲಿಯವನೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂದಿತು. ಒಂದು ಗಣಿಯಲ್ಲಿ ಕೆಟ್ಟವನೆನಿಸಿಕೊಂಡರೆ ಉಳಿದ ಯಾವ ಗಣಿಯಲ್ಲೂ ಕೆಲಸ ಸಿಗದಂತೆ ಮಾಡುವ ಉಪಾಯ ಇದು ಎಂದು ಕೂಲಿಯವರಿಗೆ ಅರ್ಥವಾಯಿತು. ಆಗ ಅವರಿಗೆ ಯೂನಿಯನ್ ಕೂಡ ಇರಲಿಲ್ಲ. ಆದರೂ 21 ದಿನ ಯಾರೂ ಗಣಿಗೆ ಇಳಿಯಲಿಲ್ಲ. ಕಂಪನಿ ನಿಯಮವನ್ನು ಕೈಬಿಡಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ 1942ರಲ್ಲಿ ಕಾರ್ಮಿಕ ಕಾನೂನು ಬಂತು, ಸಂಘಗಳು ಬೆಳೆದವು. ಆದರೆ ಜಗಳ ತಣಿಯಲಿಲ್ಲ. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಕೂಲಿ ಸಾಲುತ್ತಿರಲಿಲ್ಲ. 1946ರ ನವೆಂಬರ್ 4ರಂದು ಕೆ.ಜಿ.ಎಫ್.ನಲ್ಲಿ ಪೊಲೀಸರು ಗುಂಡು ಹಾರಿಸಿದರು. 6 ಜನ ಕಾರ್ಮಿಕರು ಪ್ರಾಣ ಬಿಟ್ಟರು. ಸ್ವಾತಂತ್ರ್ಯಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. 1956ರಲ್ಲಿ ಸರ್ಕಾರವೇ ಗಣಿಯನ್ನು ವಹಿಸಿಕೊಂಡಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ನಮ್ಮಂತೆಯೇ ಅದಿರು ಒಡೆದವರು

ಸಂಡೂರಿನ ಗುಡ್ಡಗಳಂತೆಯೇ ಕಬ್ಬಿಣದ ಅದಿರಿರುವ ಊರು ಛತ್ತೀಸಗಡದ ದಲ್ಲಿ ರಾಜಹರಾ. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಅಲ್ಲಿಂದಲೇ ಅದಿರು. ಕಾರ್ಖಾನೆ ಸರ್ಕಾರದ್ದಾದರೂ ಕೈಯಿಂದ ಅದಿರು ಒಡೆದು ಲಾರಿಗೆ ತುಂಬುವವರು ಗುತ್ತಿಗೆ ಕೂಲಿಯವರು. 1977ರಲ್ಲಿ ಅವರು ಶಂಕರ್ ಗುಹಾ ನಿಯೋಗಿ ಅವರ ಜೊತೆ ಸೇರಿ ಸಂಘ ಕಟ್ಟಿದರು. ಕೇಳಿದ್ದು ದೊಡ್ಡದೇನೂ ಅಲ್ಲ. ಕೆಲಸಕ್ಕೆ ಬಂದ ದಿನ ಕೆಲಸ ಕೊಡದಿದ್ದರೆ ಸ್ವಲ್ಪ ಕೂಲಿ ಕೊಡಿ, ಮಳೆಗಾಲಕ್ಕೆ ಮುಂಚೆ ಗುಡಿಸಲು ರಿಪೇರಿಗೆ ಹಣ ಕೊಡಿ ಎಂದರು. ಜೂನ್ 2ರ ರಾತ್ರಿ ಪೊಲೀಸರು ನಿಯೋಗಿಯವರನ್ನು ಹಿಡಿದರು. ಜನ ಅಡ್ಡ ನಿಂತರು. ಆ ರಾತ್ರಿ ಮತ್ತು ಮಾರನೆಯ ದಿನ ನಡೆದ ಗೋಲಿಬಾರಿನಲ್ಲಿ 11 ಜನ ಸತ್ತರು.

ಆ ಜನ ಆಮೇಲೆ ಮಾಡಿದ್ದನ್ನು ನಾವು ಮುಖ್ಯವಾಗಿ ನೆನೆಯಬೇಕು. ಅವರು ಸೇಡಿನ ದಾರಿ ಹಿಡಿಯಲಿಲ್ಲ. ಕುಡಿತ ಬಿಡಿಸುವ ಚಳವಳಿ ನಡೆಸಿದರು. ಸತ್ತವರ ನೆನಪಿಗೆ ತಮ್ಮ ದುಡಿಮೆಯಿಂದಲೇ ಒಂದು ಆಸ್ಪತ್ರೆ ಕಟ್ಟಿದರು. 1983ರಲ್ಲಿ ಶುರುವಾದ ಅದರ ಹೆಸರು ಶಹೀದ್ ಆಸ್ಪತ್ರೆ. ಎಲ್ಲಾ ಕೆಲಸ ಯಂತ್ರಕ್ಕೆ ಕೊಡುವ ಬದಲು ಅರ್ಧ ಕೈಕೆಲಸ, ಅರ್ಧ ಯಂತ್ರ ಎಂಬ ಯೋಜನೆಯನ್ನೂ ತಾವೇ ಮುಂದಿಟ್ಟರು. 1991ರ ಸೆಪ್ಟೆಂಬರ್ 28ರಂದು ನಿಯೋಗಿಯವರನ್ನು ಭಿಲಾಯಿಯಲ್ಲಿ ಮಲಗಿದ್ದಲ್ಲೇ ಗುಂಡಿಟ್ಟು ಕೊಂದರು. ಸಂಘ ಉಳಿಯಿತು.

ಸಂಡೂರಿನಲ್ಲಿ ಸದ್ದಿಲ್ಲದೆ ನಡೆದದ್ದು

ಈಗ ನಮ್ಮ ಮಾತಿಗೆ ಬರೋಣ. 2000ನೇ ಇಸವಿಯ ನಂತರ ಚೀನಾ ದೇಶಕ್ಕೆ ಅದಿರು ಬೇಕಾಯಿತು, ಬೆಲೆ ಏರಿತು. ಬಳ್ಳಾರಿ, ಹೊಸಪೇಟೆ, ಸಂಡೂರು ರಸ್ತೆಗಳ ತುಂಬಾ ಟಿಪ್ಪರ್‌ಗಳು, ಮರಗಿಡಗಳ ಮೇಲೆಲ್ಲಾ ಕೆಂಪು ದೂಳು. ಸುತ್ತಿಗೆ ಹಿಡಿದವರ ಕೆಲಸವನ್ನು ಯಂತ್ರಗಳು ಕಸಿದುಕೊಳ್ಳತೊಡಗಿದವು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ವರದಿ ಕೊಟ್ಟರು. ಅದೇ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ, ಕಾಡು, ನೀರು ಉಳಿಯಬೇಕಾದರೆ ಅದು ಬೇಕಾಗಿತ್ತು. 2013ರ ಏಪ್ರಿಲ್‌ನಲ್ಲಿ ಕೋರ್ಟ್ ನಿಯಮ ಪಾಲಿಸುವ ಗಣಿಗಳಿಗೆ ಅನುಮತಿ ಕೊಟ್ಟು, ಹೆಚ್ಚು ಅಕ್ರಮ ನಡೆದಿದ್ದ 51 ಗುತ್ತಿಗೆಗಳನ್ನು ರದ್ದು ಮಾಡಿತು.

ಲೂಟಿ ಮಾಡಿದವರು ಕೂಲಿಯವರಲ್ಲ. ಆದರೆ ಮೊದಲು ಒಲೆ ಆರಿದ್ದು ಅವರ ಮನೆಯದು. ಇಲ್ಲಿ ಗುಂಡು ಹಾರಲಿಲ್ಲ. ಪರಿಹಾರ ಕೇಳಲು ಹೋದಾಗ "ನೀವು ಕೆಲಸ ಮಾಡಿದ್ದಕ್ಕೆ ಏನು ದಾಖಲೆ?" ಎಂಬ ಪ್ರಶ್ನೆ ಬಂತು, ಅಷ್ಟೇ. ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹಾಜರಿ ಮೇಸ್ತ್ರಿಯ ಜೊತೆಯೇ ಹೋಗಿತ್ತು. ವರ್ಷಗಟ್ಟಲೆ ದುಡಿದವರು ಕಾಗದದ ಮೇಲೆ ಇಲ್ಲವೇ ಇಲ್ಲ!

ಕೋಲಾರದವರು ಬೆರಳಚ್ಚು ಬೇಡವೆಂದು ಹೋರಾಡಿದರು, ನಾವು ದಾಖಲೆ ಬೇಕು ಎನ್ನುತ್ತೇವೆ. ಇದು ವಿರುದ್ಧ ಮಾತಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಅಲ್ಲಿ ದಾಖಲೆ ಕಂಪನಿಯ ಕೈಯಲ್ಲಿತ್ತು, ಕಾರ್ಮಿಕರನ್ನು ಹಿಡಿದಿಡಲು. ದಾಖಲೆಯ ಒಂದು ಪ್ರತಿ ನಮ್ಮ ಕೈಯಲ್ಲಿದ್ದರೆ ಅದೇ ನಮಗೆ ರಕ್ಷಣೆ. ಲಡ್ಲೋದವರು ತೂಕದ ಹತ್ತಿರ ನಮ್ಮವರೊಬ್ಬರು ಇರಲಿ ಎಂದದ್ದೂ ಇದಕ್ಕೇ.

ಈಗ ನಾವೇನು ಮಾಡಬೇಕು?

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನೇಮಕಾತಿ ಪತ್ರ ಕೊಡಬೇಕು ಎಂದು ಅವು ಹೇಳುತ್ತವೆ. ಆದರೆ ಕಾನೂನು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಆದ್ದರಿಂದ:

• ಗಣಿಗೆ, ಟಿಪ್ಪರ್‌ಗೆ, ಕಾರ್ಖಾನೆಗೆ ಹೋಗುವ ನಿಮ್ಮ ಮಕ್ಕಳು ನೇಮಕಾತಿ ಪತ್ರ ಕೇಳಲಿ.

• ಪಗಾರ ಬ್ಯಾಂಕ್ ಖಾತೆಗೇ ಬರಲಿ. ಪಗಾರ ಚೀಟಿ, ಪಿ.ಎಫ್. ನಂಬರು ಜೋಪಾನವಾಗಿಡಿ.

• ಹಾಜರಿಯನ್ನು ಮನೆಯಲ್ಲೂ ಒಂದು ಪುಸ್ತಕದಲ್ಲಿ ದಿನಾ ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ.

• ಕೆಲಸದಲ್ಲಿ ಪೆಟ್ಟಾದರೆ ಅದೇ ದಿನ ಆಸ್ಪತ್ರೆಯ ಚೀಟಿ ಮಾಡಿಸಿಕೊಳ್ಳಿ. ಜೊತೆಗಿದ್ದವರ ಹೆಸರು ಬರೆದಿಡಿ.

• ಗಣಿ ಬಾಧಿತ ಊರುಗಳಿಗಾಗಿ ಜಿಲ್ಲಾ ಖನಿಜ ನಿಧಿ ಇದೆ. ನಮ್ಮೂರಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಿ.

• ಒಬ್ಬರೇ ಹೋಗಬೇಡಿ, ಕೂಡಿ ಹೋಗಿ. ಕೂಗಾಡಬೇಡಿ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಯೂನಿಯನ್ ಅಂದ್ರೆ ಜಗಳ ಎನ್ನುವ ಅಕ್ಕಂದಿರಿಗೆ ನಮ್ಮ ಉತ್ತರ ಇಷ್ಟೇ. ಲಡ್ಲೋದಲ್ಲಿ, ದಲ್ಲಿ ರಾಜಹರಾದಲ್ಲಿ ಜನ ಮೊದಲು ಬೇಡಿಕೆ ಹಿಡಿದು ಬಂದರು, ಕಲ್ಲು ಹಿಡಿದು ಬರಲಿಲ್ಲ. ಕೇಳುವ ಕಿವಿ ಇಲ್ಲದಾಗ ಬಂದೂಕು ಮಾತಾಡಿತು. ಸತ್ತವರಲ್ಲಿ ಹೆಚ್ಚಿನವರು ನಮ್ಮಂಥ ಬಡವರೇ. ಹತ್ತು ಜನ ಕೂಡಿ, ಕಾಗದ ಹಿಡಿದು, ಕುಳಿತು ಮಾತಾಡುವುದೇ ಸಂಘ. ನಿಮ್ಮ ಉಳಿತಾಯ ಸಂಘದಲ್ಲಿ ಪ್ರತಿ ವಾರ ನೀವು ಪುಸ್ತಕ ಬರೆದು ಲೆಕ್ಕ ಇಡುತ್ತೀರಲ್ಲವೇ? ದುಡಿಮೆಗೂ ಅದೇ ಲೆಕ್ಕ ಇರಲಿ.

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿ ದುಡಿಯುವವರ ಹತ್ತಿರ ಯಾವ್ಯಾವ ಚೀಟಿ ಇದೆ, ಯಾವುದು ಇಲ್ಲ ಎಂದು ನೋಡಿಕೊಂಡು ಬನ್ನಿ. ಕೂಡಿ ಕುಳಿತು ಪಟ್ಟಿ ಮಾಡೋಣ.