ಕುದುರೆ ಕೊಳ್ಳೋಕೆ ಹೊರಟಿದ್ದೀರಾ? ಮೊದಲು ಬಾಯಿ ತೆರೆಸಿ, ಕಾಲು ಎತ್ತಿಸಿ ನೋಡಿ

ತುಳಸಿ ಲಗ್ನ ಮುಗಿಯಿತೆಂದರೆ ಮದುವೆ ಸೀಸನ್ ಶುರು. ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು, ಟಾಂಗಾ ಹೊಡೆಯುವವರು, ಜಾತ್ರೆಯ ಗಾಡಿ ಶರ್ಯತ್ತಿನ ಹುಚ್ಚಿನವರು, ಎಲ್ಲರೂ ಕುದುರೆ ಹುಡುಕುವುದು ಇದೇ ಹೊತ್ತಿಗೆ. ಸಾಲ ಮಾಡಿ, ಮನೆಯ ಬಂಗಾರ ಒತ್ತೆ ಇಟ್ಟು ತಂದ ಕುದುರೆ ತಿಂಗಳೊಳಗೆ ಕುಂಟಿದರೆ ಆ ವರ್ಷದ ದುಡಿಮೆ ಅಲ್ಲಿಗೇ ಮುಗೀತು. ಎತ್ತು ನೋಡಿ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಕುದುರೆ ಬಲ್ಲವರನ್ನು ಮಾತ್ರ ಈಗ ಹುಡುಕಿಕೊಂಡು ಹೋಗಬೇಕು.

ಮೊದಲ ಪ್ರಶ್ನೆ: ಕುದುರೆ ಯಾವ ಕೆಲಸಕ್ಕೆ? ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಒಮ್ಮೊಮ್ಮೆ ಕಡಿಮೆ ಬೆಲೆಗೆ ಕೈ ಬದಲಾಗುತ್ತವೆ. ನೋಡೋಕೆ ಎತ್ತರ, ಮೈ ಮಿರಮಿರ. ಆದರೆ ಅದು ಓಡುವುದಕ್ಕೆಂದೇ ಬೆಳೆಸಿದ ಜಾತಿ. ತೆಳು ಚರ್ಮ, ಬಿಸಿ ರಕ್ತ, ಹೆಚ್ಚು ತಿಂಡಿ ಬೇಡುವ ಮೈ. ಎಷ್ಟೋ ಸಲ ಕಾಲಿನ ಹಳೇ ಪೆಟ್ಟಿನಿಂದಲೇ ಅದನ್ನು ಓಟದಿಂದ ತೆಗೆದಿರುತ್ತಾರೆ. ಡಿಜೆ ಸದ್ದಿನ ನಡುವೆ ನಿಲ್ಲಿಸುವುದಕ್ಕೆ, ಟಾರ್ ರಸ್ತೆಯಲ್ಲಿ ಗಾಡಿ ಎಳೆಸುವುದಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿದ್ದರೆ ಅದು ಮಾರವಾಡಿ ಅಥವಾ ಕಾಠಿಯಾವಾಡಿ ಕಡೆಯದು. ಒಣ ಹವೆಗೆ ಒಗ್ಗಿದ ಗಟ್ಟಿ ಪ್ರಾಣಿ. ಇನ್ನು ಭೀಮಾ ತೀರದ ಹೆಸರನ್ನೇ ಹೊತ್ತ ಭೀಮಥಡಿ, ಅಂದರೆ ದಖನಿ ತಟ್ಟು, ಗಿಡ್ಡದು. ಕುರಿ ಹಿಂಡಿನ ಜೊತೆ ಡೇರೆ, ಪಾತ್ರೆ, ಮಕ್ಕಳು ಮರಿಗಳನ್ನು ಹೊತ್ತು ನಡೆಯುವುದು ಇದೇ. ಚೆಂದಕ್ಕೆ ಯಾರೂ ಕೊಳ್ಳುವುದಿಲ್ಲ, ಆದರೆ ನಮ್ಮ ಬಿಸಿಲು, ನಮ್ಮ ಮೇವು ಎರಡನ್ನೂ ತಡೆಯುತ್ತದೆ.

ಬಿಳಿ ಕುದುರೆಯ ವಿಷಯ

ಮದುಮಗನಿಗೆ ಬಿಳಿ ಕುದುರೆಯೇ ಬೇಕು. ಹಾಗಾಗಿ ಅದಕ್ಕೆ ಬೆಲೆಯೂ ಜಾಸ್ತಿ. ಬಿಳಿಯಲ್ಲಿ ಎರಡು ಬಗೆ. ಚರ್ಮವೂ ಗುಲಾಬಿ ಇದ್ದರೆ ಅದು ಹುಟ್ಟಾ ಬಿಳಿ, ಸಂತೆಯಲ್ಲಿ ನುಕ್ರಾ ಅನ್ನುತ್ತಾರೆ. ಇದಕ್ಕೆ ಮೂಗು, ಕಣ್ಣಿನ ಸುತ್ತ ಬಿಸಿಲಿಗೆ ಸುಡುತ್ತದೆ. ಕೂದಲು ಬಿಳಿ, ಚರ್ಮ ಕಪ್ಪು ಇದ್ದರೆ ಅದು ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ಬೆಳ್ಳಗಾದದ್ದು. ಅಂದರೆ ಪೂರ್ತಿ ಬೆಳ್ಳಗಿದೆ ಎಂದರೆ ವಯಸ್ಸೂ ಒಂದಿಷ್ಟು ಆಗಿದೆ. ಇಂಥ ಕುದುರೆಗಳಿಗೆ 15 ವರ್ಷ ದಾಟಿದ ಮೇಲೆ ಚರ್ಮದಲ್ಲಿ ಕಪ್ಪು ಗಂಟುಗಳು ಬರುವುದು ತೀರಾ ಸಾಮಾನ್ಯ. ಬಾಲ ಎತ್ತಿ ಕೆಳಗೆ ನೋಡಿ. ಮಾರುವವರು ಅದನ್ನು ತಾವಾಗಿ ತೋರಿಸುವುದಿಲ್ಲ.

ಹಲ್ಲು ಹೇಳುವ ವಯಸ್ಸು

ದನಕ್ಕೆ ಮೇಲಿನ ಮುಂದಿನ ಹಲ್ಲಿಲ್ಲ, ಕುದುರೆಗೆ ಮೇಲೆ ಆರು, ಕೆಳಗೆ ಆರು. ನಡುವಿನ ಜೋಡಿ ಹಾಲುಹಲ್ಲು ಬಿದ್ದು ಹೊಸದು ಬರುವುದು ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. ಐದಕ್ಕೆ ಬಾಯಿ ಕೂಡುತ್ತದೆ. ಆಮೇಲೆ ನೋಡಬೇಕಾದ್ದು ಕೆಳಗಿನ ಹಲ್ಲಿನ ಮೇಲ್ಮೈಯ ಕಪ್ಪು ಗುಳಿ. ಅದು ಸವೆದು ಹೋಗುವುದು ನಡುವಿನ ಹಲ್ಲಿನಲ್ಲಿ ಸುಮಾರು 6, ಪಕ್ಕದ್ದರಲ್ಲಿ 7, ಮೂಲೆಯಲ್ಲಿ 8 ವರ್ಷಕ್ಕೆ. ಸುಮಾರು ಹತ್ತಕ್ಕೆ ಮೇಲಿನ ಮೂಲೆ ಹಲ್ಲಿನ ಬುಡದಲ್ಲಿ ಕಂದು ಗೆರೆಯೊಂದು ಕಾಣಿಸುತ್ತದೆ. ಗೆರೆ ಅರ್ಧ ಹಲ್ಲಿಗೆ ಇಳಿದರೆ 15ರ ಆಸುಪಾಸು, ತುದಿ ಮುಟ್ಟಿದರೆ 20. ಇದು ಅಂದಾಜು ಅಷ್ಟೇ, ಮೇವು ಬದಲಾದರೆ ಸವೆತವೂ ಬದಲಾಗುತ್ತದೆ. ಹಳೇ ಹಲ್ಲನ್ನು ಕೊರೆದು, ಸುಟ್ಟು ಎಳೆಯದಂತೆ ಗುಳಿ ಮಾಡುವ ಮೋಸ ಶತಮಾನಗಳಷ್ಟು ಹಳೆಯದು. ಗುಳಿ ಎಳೆಯದಾಗಿದ್ದು, ಪಕ್ಕದಿಂದ ನೋಡಿದಾಗ ಹಲ್ಲು ಮುಂದಕ್ಕೆ ಚಾಚಿ ಓರೆಯಾಗಿದ್ದರೆ ಕುದುರೆ ಮುದಿಯೇ.

ಸುಳಿ ನೋಡುವವರು ನೋಡಲಿ, ಅದು ಅವರವರ ನಂಬಿಕೆ. ಆದರೆ ಸುಳಿ ಸರಿ ಇದೆ ಅಂತ ಕಾಲು ನೋಡದೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಬೇಡಿ. ಗೊರಸೇ ಹಾಳಾಗಿದ್ದರೆ ಯಾವ ಸುಳಿಯೂ ಕಾಯುವುದಿಲ್ಲ.

ನಾಲ್ಕೂ ಕಾಲು ಎತ್ತಿಸಿ. ಎತ್ತಗೊಡದ ಕುದುರೆಗೆ ಲಾಳ ಹೊಡೆಸುವುದೂ ಕಷ್ಟ. ಗೊರಸಿನಲ್ಲಿ ಅಡ್ಡ ಬಿರುಕು, ಅಂಗಾಲಿನ ನಡುವೆ ಕಪ್ಪು ಕೊಳೆ, ನಾರುವ ವಾಸನೆ ಇದ್ದರೆ ಒದ್ದೆ ಲಾಯದಲ್ಲಿ ಕಟ್ಟಿದ್ದಾರೆ ಅಂತ ಅರ್ಥ. ಆಮೇಲೆ ಹಗ್ಗ ಸಡಿಲ ಬಿಟ್ಟು ಗಟ್ಟಿ ನೆಲದ ಮೇಲೆ ನಿಧಾನವಾಗಿ ಓಡಿಸಿ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ಕೆಳಗಾಗುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟು ತಂದಿದ್ದರೆ ಸಂತೆಯ ದಿನ ಇದು ಗೊತ್ತಾಗುವುದಿಲ್ಲ. ಅದಕ್ಕೇ ಕೆಲವು ದಿನ ಬಿಟ್ಟು, ಹೇಳದೆ ಹೋಗಿ ಇನ್ನೊಮ್ಮೆ ನೋಡುವುದು ಒಳ್ಳೆಯದು. ಮಾರುವವರು ಇದಕ್ಕೆ ಸಿಟ್ಟಾದರೆ ಉತ್ತರ ಅಲ್ಲೇ ಸಿಕ್ಕಿತು.

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿದೆ. ಸುತ್ತಲೂ ಹೆಚ್ಚೂಕಡಿಮೆ ಎಲ್ಲವೂ ಅದಕ್ಕೆ ಕಾಣುತ್ತದೆ, ಹಿಂಬದಿ ಮತ್ತು ಮೂಗಿನ ನೇರ ಮುಂದೆ ಬಿಟ್ಟು. ಹಿಂದಿನಿಂದ ಬಂದು ಮುಟ್ಟಿದರೆ ಒದೆಯುವುದು ಕೆಟ್ಟತನಕ್ಕಲ್ಲ, ಹೆದರಿಕೆಗೆ. ಹೆಗಲ ಕಡೆಯಿಂದ, ಮಾತಾಡುತ್ತಾ ಹೋಗಿ. ಎರಡೂ ಕಿವಿ ಹಿಂದಕ್ಕೆ ಅಂಟಿದರೆ ದೂರ ಸರಿಯಿರಿ. ಮೆರವಣಿಗೆಗೆ ಬೇಕಾದ ಕುದುರೆಯನ್ನು ಹಲಗೆ, ಬ್ಯಾಂಡ್ ಸದ್ದಿನ ಹತ್ತಿರ ನಿಲ್ಲಿಸಿ ನೋಡದೆ ಕೊಳ್ಳಲೇಬೇಡಿ. ಮೇಲೆ ಕೂರುವವನು ಜನ್ಮದಲ್ಲಿ ಮೊದಲ ಸಲ ಕುದುರೆ ಹತ್ತಿದ ಮದುಮಗ, ಕೆಳಗೆ ಕುಣಿಯುವವರು ಚಿಕ್ಕ ಮಕ್ಕಳು.

ಹೊಟ್ಟೆಯೇ ಗಂಡಾಂತರ

ಸಾಕಿದ ಕುದುರೆಗಳು ದಿಢೀರ್ ಸಾಯುವುದಕ್ಕೆ ದೊಡ್ಡ ಕಾರಣ ಹೊಟ್ಟೆನೋವು. ಕುದುರೆ ದನದ ಹಾಗೆ ಮೆಲುಕು ಹಾಕುವುದಿಲ್ಲ, ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ. ಜಠರ ಚಿಕ್ಕದು, 8ರಿಂದ 15 ಲೀಟರ್. ಆದ್ದರಿಂದ ಸ್ವಲ್ಪ ಸ್ವಲ್ಪ, ಹಲವು ಸಲ. 300 ಕೆಜಿ ತೂಗುವ ಟಾಂಗಾ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ 6ರಿಂದ 7 ಕೆಜಿ ಆಹಾರ ಸಾಕು, ಅದರಲ್ಲಿ ಹೆಚ್ಚಿನ ಪಾಲು ಹುಲ್ಲು, ಮೇವು ಇರಬೇಕು. ಹುರುಳಿ, ಕಡಲೆ, ಬೂಸಾ ಕೆಲಸ ಇದ್ದಷ್ಟೇ. ಬೂಷ್ಟು ಹಿಡಿದ ಮೇವು, ಎಳೇ ಜೋಳದ ಪೈರು ಬೇಡವೇ ಬೇಡ. ನೀರು ದಿನಕ್ಕೆ 25ರಿಂದ 50 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮದುವೆ ಮನೆಯಲ್ಲಿ ಪ್ರೀತಿಯಿಂದ ಬುಟ್ಟಿಗಟ್ಟಲೆ ಅನ್ನ, ಚಪಾತಿ, ಬೂಂದಿ ತಿನ್ನಿಸುತ್ತಾರಲ್ಲ, ಮರುದಿನ ಕುದುರೆ ನೆಲ ಕೆರೆಯುವುದು ಅದರಿಂದಲೇ. ಅದೇ ಕಾರಣಕ್ಕೆ ಗೊರಸಿನೊಳಗೆ ಉರಿ ಎದ್ದು ಕಾಲೇ ಕೆಡಬಹುದು.

ಪಶು ಆಹಾರದ ಅಂಗಡಿಯವರಿಗೂ ಒಂದು ಮಾತು. ಕೋಳಿ ಆಹಾರಕ್ಕೆ ಬೆರೆಸುವ ಮೊನೆನ್ಸಿನ್, ಸಾಲಿನೊಮೈಸಿನ್‌ನಂಥ ಔಷಧಿ ಕೋಳಿಗೆ ಒಳ್ಳೆಯದು, ಕುದುರೆಗೆ ವಿಷ. ಕೊಂಚವೇ ಹೊಟ್ಟೆಗೆ ಹೋದರೂ ಹೃದಯ ಕೆಡುತ್ತದೆ. ‘ಅಗ್ಗಕ್ಕೆ ಸಿಗ್ತದೆ ಕೊಡಿ’ ಅಂತ ಗಿರಾಕಿ ಕೇಳಿದರೂ ಕುದುರೆಗೆ ಅಂದಾಗ ಕೊಡಬೇಡಿ. ಅದೇ ತಕ್ಕಡಿ ತಟ್ಟೆ, ಅದೇ ಸಲಿಕೆಯಲ್ಲಿ ಹುರುಳಿ ತೂಗುವುದೂ ಬೇಡ.

ಪದೇ ಪದೇ ಪಕ್ಕೆ ತಿರುಗಿ ನೋಡುವುದು, ಮಲಗಿ ಹೊರಳುವುದು, ಬೆವರುವುದು, ಲದ್ದಿ ಹಾಕದಿರುವುದು ಹೊಟ್ಟೆನೋವಿನ ಗುರುತು. ಪಕ್ಕೆಗೆ ಕಿವಿ ಇಟ್ಟರೆ ಗುಡುಗುಡು ಕೇಳಬೇಕು, ಕೇಳದಿದ್ದರೆ ತಡ ಮಾಡುವಂತಿಲ್ಲ. ಮೇವು ತೆಗೆದು 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು. ಗೊಟ್ಟದಲ್ಲಿ ಎಣ್ಣೆ ಹೊಯ್ಯುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆರಾಮದಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಫೋನಿನಲ್ಲಿ ಈ ಮೂರು ಅಂಕಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಆಗಿರುತ್ತದೆ.

ಲಾಳ ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕೆತ್ತಿಸಿ ಮತ್ತೆ ಹೊಡೆಸಬೇಕು, ಸವೆಯದಿದ್ದರೂ ಸರಿ. ಧನುರ್ವಾಯು ಕುದುರೆಗೆ ಬೇಗ ತಗಲುತ್ತದೆ, ಅದರ ಲಸಿಕೆ ತಪ್ಪಿಸಬೇಡಿ. 1965ರ ಕೇಂದ್ರ ನಿಯಮದ ಪ್ರಕಾರ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಮುಳ್ಳಿನ ಕಡಿವಾಣಕ್ಕೂ ನಿಷೇಧ ಇದೆ.

ಹೊಸ ಕುದುರೆ ಮನೆಗೆ ಬಂದ ಮೇಲೆ ಎರಡು ಮೂರು ವಾರ ಹಳೆಯವುಗಳಿಂದ ದೂರ ಕಟ್ಟಿ, ನೀರಿನ ಬಕೆಟ್ ಬೇರೆ ಇಡಿ. ಗ್ಲ್ಯಾಂಡರ್ಸ್ ಎಂಬ ರೋಗ ಇದಕ್ಕೆ ಕಾರಣ. ಮೂಗಿನಿಂದ ಗಟ್ಟಿ ಅಂಟು ಸಿಂಬಳ, ದವಡೆ ಕೆಳಗೆ ಬಾವು, ಕಾಲಿನ ಚರ್ಮದಲ್ಲಿ ಒಡೆಯುವ ಗಂಟು ಇದರ ಗುರುತು. ಇದು ಮನುಷ್ಯರಿಗೂ ಹರಡುತ್ತದೆ, ಲಸಿಕೆಯೂ ಇಲ್ಲ. ರೋಗ ಖಚಿತವಾದ ಕುದುರೆಯನ್ನು 2009ರ ಕಾಯ್ದೆ ಪ್ರಕಾರ ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ. ದುಡ್ಡು ಕೈ ಬದಲಾಗುವ ಮೊದಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ರಕ್ತ ಪರೀಕ್ಷೆಗೆ ಕಳಿಸಿ. ವರದಿ ಬರುವವರೆಗೆ ಕಾಯಲು ಒಪ್ಪುವವರ ಹತ್ತಿರ ಮಾತ್ರ ಮುಂಗಡ ಕೊಡಿ, ಅದೂ ಚೀಟಿ ಬರೆಸಿಕೊಂಡು.