ಮೂರನೆಯ ಬೆಲ್‌ಗೆ ಮುನ್ನ ಒಂದು ಅಕ್ಕಿರೊಟ್ಟಿ

ಕೆಲ ವರ್ಷಗಳ ಹಿಂದಿನ ಒಂದು ಶನಿವಾರ. ಸಂಜೆ ಏಳು ಗಂಟೆ ಹತ್ತು ನಿಮಿಷ. ಬೆಂಗಳೂರಿನ ಜೆ.ಪಿ. ನಗರ ಎರಡನೆಯ ಹಂತದಲ್ಲಿರುವ ರಂಗಶಂಕರದ ಕೆಫೆಯಲ್ಲಿ ಒಂದು ಮೇಜೂ ಖಾಲಿ ಇರಲಿಲ್ಲ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ಗಡಿಯಾರವನ್ನು, ಒಮ್ಮೆ ಅಪ್ಪನ ತಟ್ಟೆಯನ್ನು ನೋಡುತ್ತಿದ್ದಳು. ತಟ್ಟೆಗೆ ಬಿಸಿ ಅಕ್ಕಿರೊಟ್ಟಿ ಆಗಷ್ಟೇ ಬಂದಿತ್ತು.

‘ಅಪ್ಪಾ, ಬೇಗ ತಿನ್ನಿ. ಏಳೂವರೆ ಆದ್ರೆ ಒಳಗೆ ಬಿಡಲ್ಲ.’

‘ಟಿಕೆಟ್ ತಗೊಂಡಿದೀವಲ್ಲೇ, ಹೆಂಗೆ ಬಿಡಲ್ಲ?’

‘ಬಿಡಲ್ಲ ಅಂದ್ರೆ ಬಿಡಲ್ಲ. ಹೋದ ಸಲ ನಮ್ಮ ಕ್ಲಾಸಿನವಳು ಅವರಮ್ಮನ ಜೊತೆ ಬಾಗಿಲ ತನಕ ಬಂದು ವಾಪಸ್ ಹೋದ್ಲು.’

ಪರೀಕ್ಷೆ ಹತ್ತಿರ ಇರುವಾಗ ನಾಟಕ ಯಾಕೆ ಎಂದು ಮನೆಯಲ್ಲಿ ಅಮ್ಮ ಆಗಲೇ ತಕರಾರು ತೆಗೆದಿದ್ದರು. ಹೇಗೋ ಒಪ್ಪಿಸಿ, ಆಫೀಸು ಮುಗಿಸಿದ ಅಪ್ಪನನ್ನು ಟ್ರಾಫಿಕ್ಕಿನ ನಡುವೆ ಹೊರಡಿಸಿಕೊಂಡು ಬಂದ ಹುಡುಗಿ ಆಕೆ. ಒಂದು ರೊಟ್ಟಿಯ ದೆಸೆಯಿಂದ ಇಡೀ ಸಂಜೆ ಕೈತಪ್ಪಿ ಹೋದರೆ? ಅವಳ ಗಾಬರಿಯಲ್ಲಿ ಅರ್ಥವಿತ್ತು.

ಸಮಯದ ಪಾಠ

ಮುಹೂರ್ತಕ್ಕೆ ತಪ್ಪಿದರೂ ಊಟದ ಪಂಕ್ತಿಗೆ ಸಿಕ್ಕರಾಯಿತು ಎನ್ನುವವರು ನಾವು. ಸಭೆ ಆರಕ್ಕೆ ಎಂದರೆ ಮನೆ ಬಿಡುವುದೇ ಆರಕ್ಕೆ. ಅಂಥ ಊರಿನಲ್ಲಿ ಏಳೂವರೆ ಎಂದರೆ ಏಳೂವರೆಯೇ ಎಂದು ಹಟ ಹಿಡಿದ ಜಾಗ ರಂಗಶಂಕರ. ನಾಟಕ ಶುರುವಾದ ಮೇಲೆ ಬಂದವರು ಎಂಥ ಗಣ್ಯರಾದರೂ ಪ್ರವೇಶವಿಲ್ಲ. ಇದು ಬರೀ ಶಿಸ್ತಿನ ಪ್ರದರ್ಶನವಲ್ಲ. ಸಭಾಂಗಣದಲ್ಲಿರುವುದು ಸುಮಾರು 300 ಆಸನಗಳು. ನಟರಿಗೂ ಪ್ರೇಕ್ಷಕರಿಗೂ ನಡುವೆ ಹೆಚ್ಚು ಅಂತರವಿಲ್ಲ. ಕತ್ತಲಲ್ಲಿ ಒಬ್ಬರು ತಡಕಾಡುತ್ತಾ ಬಂದರೂ ನಟನ ಏಕಾಗ್ರತೆ ಕೆಡುತ್ತದೆ, ಅಕ್ಕಪಕ್ಕದವರ ಗಮನವೂ ಚದುರುತ್ತದೆ.

ಈ ರಂಗಮಂದಿರದ ಹಿಂದೆ ಒಂದು ದೊಡ್ಡ ನೋವಿದೆ. ನಟ, ನಿರ್ದೇಶಕ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ಆಗ ಅವರಿಗೆ ಇನ್ನೂ 36 ತುಂಬಿರಲಿಲ್ಲ. ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಿರ್ದೇಶಿಸಿ ದೇಶಕ್ಕೇ ಪರಿಚಿತರಾಗಿದ್ದ ಅವರ ಬೇರು ಇದ್ದದ್ದು ರಂಗಭೂಮಿಯಲ್ಲಿ. ಅದೇ ಅಪಘಾತದಲ್ಲಿ ಗಾಯಗೊಂಡ ಪತ್ನಿ, ನಟಿ ಅರುಂಧತಿ ನಾಗ್ ಮತ್ತೆ ಎದ್ದು ನಿಂತು, ಗೆಳೆಯರ ಜೊತೆಗೂಡಿ ಹಣ ಹೊಂದಿಸಿ ಕಟ್ಟಿದ್ದು ಈ ರಂಗಮಂದಿರ. ಬಾಗಿಲು ತೆರೆದದ್ದು 2004ರಲ್ಲಿ, ಅಂದರೆ 14 ವರ್ಷಗಳ ನಂತರ. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ನಡೆಯಬೇಕು, ಸಣ್ಣ ತಂಡಗಳಿಗೂ ಬಾಡಿಗೆ ಕೈಗೆಟಕಬೇಕು ಎಂಬುದು ಆಗ ಇಟ್ಟುಕೊಂಡ ಗುರಿ.

ನಾಟಕಕ್ಕೂ ಊಟಕ್ಕೂ ಏನು ನಂಟು?

ನಾಟಕಕ್ಕೂ ತಿಂಡಿಗೂ ನಮ್ಮಲ್ಲಿ ಹಳೆಯ ನಂಟು. ಕರಾವಳಿ, ಮಲೆನಾಡಿನಲ್ಲಿ ರಾತ್ರಿಯಿಡೀ ನಡೆಯುವ ಬಯಲಾಟದ ಬದಿಯಲ್ಲಿ ಚಹಾ, ಚರುಮುರಿಯ ಅಂಗಡಿ ಇರದಿದ್ದರೆ ಆಟ ಕಳೆಗಟ್ಟುವುದೇ ಇಲ್ಲ. ಆದರೆ ಆ ಕಾಲದ ಪ್ರೇಕ್ಷಕರು ರಾತ್ರಿಯ ಊಟ ಮುಗಿಸಿ, ಚಾಪೆ ಸುತ್ತಿಕೊಂಡು ಬರುತ್ತಿದ್ದರು. ನಗರದ ನಾಟಕ ಹಾಗಲ್ಲ. ಅದು ಬೀಳುವುದು ಆಫೀಸಿಗೂ ಊಟಕ್ಕೂ ನಡುವೆ. ಮನೆಗೆ ಹೋಗಿ ಉಂಡು ಬರೋಣವೆಂದರೆ ಸಮಯವಿಲ್ಲ. ಉಣ್ಣದೆ ಕೂತರೆ ಎರಡನೆಯ ದೃಶ್ಯದ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತದೆ. ಸಭಾಂಗಣದೊಳಗೆ ತಿಂಡಿ ಒಯ್ಯುವಂತಿಲ್ಲ. ಆದ್ದರಿಂದ ರಂಗಮಂದಿರದ ಮಗ್ಗುಲಲ್ಲೇ ಒಂದು ಒಲೆ ಉರಿಯುತ್ತಿರಬೇಕಾಗುತ್ತದೆ.

ರಂಗಶಂಕರದ ಕೆಫೆ ಹೆಸರು ಮಾಡಿದ್ದು ಅಕ್ಕಿರೊಟ್ಟಿ ಮತ್ತು ಸಾಬೂದಾನಿ ವಡೆಯಿಂದ. ನಾಟಕಕ್ಕೆಂದು ಬಂದು ರೊಟ್ಟಿ ತಿಂದವರಿರುವಂತೆ, ರೊಟ್ಟಿಗೆಂದು ಬಂದು ಭಿತ್ತಿಪತ್ರ ನೋಡಿ ಟಿಕೆಟ್ ಕೊಂಡವರೂ ಇದ್ದಾರೆ. ಅಕ್ಕಿರೊಟ್ಟಿಗೆ ಅವಸರ ಆಗಿಬರುವುದಿಲ್ಲ. ಹಿಟ್ಟು ಕಲಸಿ, ಕೈಯಿಂದ ತಟ್ಟಿ, ಮುಚ್ಚಿ ಬೇಯಿಸಬೇಕು. ಹತ್ತು ಜನ ಸಾಲಿನಲ್ಲಿದ್ದರೆ ಹನ್ನೊಂದನೆಯವರು ಕಾಯಲೇಬೇಕು. ಹೀಗೆ ಕಾಯುವಾಗಲೇ ಪಕ್ಕದಲ್ಲಿ ನಿಂತ ಅಪರಿಚಿತರು ‘ಈ ನಾಟಕ ಮೊದಲು ನೋಡಿದ್ರಾ?’ ಎಂದು ಮಾತಿಗೆಳೆಯುವುದು. ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರು, ಬಡಾವಣೆಯ ಗೃಹಿಣಿಯರು ಒಂದೇ ಮೇಜು ಹಂಚಿಕೊಳ್ಳುವ ಸಂದರ್ಭ ನಗರದಲ್ಲಿ ಎಷ್ಟು ಸಿಕ್ಕೀತು?

2020ರಲ್ಲಿ ಕೋವಿಡ್ ಬಂದಾಗ ನಾಟಕಗಳನ್ನು ಮನೆಯಲ್ಲೇ ಕೂತು ಪರದೆಯ ಮೇಲೆ ನೋಡುವ ಪ್ರಯತ್ನಗಳು ನಡೆದವು. ಅಭಿನಯವೇನೋ ಕಂಡಿತು. ಆದರೆ ಪರದೆ ಆರಿದ ಕೂಡಲೇ ಎಲ್ಲವೂ ಮುಗಿದುಹೋಗುತ್ತಿತ್ತು. ಮಾತಾಡಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಪೋಷಕರು ಗಮನಿಸಬೇಕಾದದ್ದು

ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯುವವರು ಒಂದು ಗಂಟೆ ಮೊದಲೇ ಹೋಗುವುದು ಒಳ್ಳೆಯದು. ಮೊದಲು ಹಗುರವಾಗಿ ಏನಾದರೂ ತಿನ್ನಿಸಿ. ಹೊಟ್ಟೆ ಬಿರಿಯ ಉಂಡ ಮಗು ಕತ್ತಲಾದೊಡನೆ ತೂಕಡಿಸುತ್ತದೆ. ನಾಟಕ ಮಕ್ಕಳ ವಯಸ್ಸಿಗೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿ. ರಂಗಶಂಕರ ಮಕ್ಕಳಿಗಾಗಿಯೇ ‘ಆಹಾ!’ ಎಂಬ ಹೆಸರಿನಲ್ಲಿ ನಾಟಕಗಳನ್ನು ಏರ್ಪಡಿಸುತ್ತಾ ಬಂದಿದೆ. ಮೊಬೈಲ್ ಆರಿಸಿಡುವುದನ್ನು ಮಕ್ಕಳಿಗೆ ಹೇಳುವ ಮೊದಲು ದೊಡ್ಡವರೇ ಮಾಡಿ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆ ಬಿದ್ದ ಕೂಡಲೇ ಆಟೋ ಹುಡುಕಿಕೊಂಡು ಓಡಬೇಡಿ. ಹತ್ತು ನಿಮಿಷ ಕೂತು, ‘ನಿನಗೇನು ಅನ್ನಿಸಿತು?’ ಎಂದು ಕೇಳಿ. ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರುವುದಿಲ್ಲ, ಮಗುವೇ ಯೋಚಿಸಬೇಕಾಗುತ್ತದೆ.

ಆ ಶನಿವಾರ ಅಪ್ಪ ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಮಗಳು ಕೈ ಹಿಡಿದು ಎಳೆದುಕೊಂಡೇ ಹೋದಳು. ಅವರು ಕೂರುವುದಕ್ಕೂ ಮೂರನೆಯ ಬೆಲ್ ಆಗುವುದಕ್ಕೂ ಸರಿಹೋಯಿತು.

ಒಂಬತ್ತು ದಾಟಿದ ಮೇಲೆ ಇಬ್ಬರೂ ಮತ್ತೆ ಕೆಫೆಗೆ ಬಂದರು. ನಾಟಕದಲ್ಲಿ ತಾಯಿಯ ಪಾತ್ರ ಮಾಡಿದ್ದಾಕೆ ಪಕ್ಕದ ಮೇಜಿನಲ್ಲೇ ಕಾಫಿ ಕುಡಿಯುತ್ತಿದ್ದರು. ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಹುಡುಗಿ ಹಿಂಜರಿದಳು. ‘ಹೋಗಿ ಕೇಳು’ ಎಂದು ಅಪ್ಪ ಕಣ್ಣಲ್ಲೇ ಹೇಳಿದರು.

‘ಮೇಡಂ, ಕೊನೇಲಿ ಆ ತಾಯಿ ಯಾಕೆ ಏನೂ ಮಾತಾಡಲ್ಲ?’

ಆಕೆ ಲೋಟ ಕೆಳಗಿಟ್ಟು ನಕ್ಕರು. ‘ಮಾತಾಡಿದ್ರೆ ಏನು ಹೇಳ್ತಿದ್ಲು ಅಂತೀಯ, ನೀನೇ ಹೇಳು.’

ಹುಡುಗಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಟೋದಲ್ಲಿ ಮನೆ ತಲುಪುವ ತನಕ ಅಪ್ಪ ಮಗಳ ನಡುವೆ ಅದೇ ಚರ್ಚೆ. ಬಾಗಿಲು ತೆರೆದ ಅಮ್ಮ ‘ಊಟ ಆಯ್ತಾ?’ ಎಂದರು. ಆಗಲೇ ಅಪ್ಪನಿಗೆ ನೆನಪಾದದ್ದು, ಮಾತಿನ ಭರದಲ್ಲಿ ಎರಡನೆಯ ರೊಟ್ಟಿ ಹೇಳುವುದನ್ನೇ ಮರೆತಿದ್ದರು.